ಎಂಟು ತಿಂಗಳ ಮಗುವಿನ ನೆಗಡಿಗೆ ಯಾವ ಮನೆಮದ್ದು?

ಪ್ರಶ್ನೆ: ನಮ್ಮ ಮಗುವಿಗೆ ಎಂಟು ತಿಂಗಳು. ಮೂರು ದಿನದಿಂದ ನೆಗಡಿಯಾಗಿ ಮೂಗು ಕಟ್ಟಿದೆ, ಹಾಲು ಕುಡಿಯಲು ಒದ್ದಾಡುತ್ತದೆ. ದೊಡ್ಡಪತ್ರೆ ರಸವನ್ನು ಜೇನುತುಪ್ಪದಲ್ಲಿ ಬೆರೆಸಿ ನೆಕ್ಕಿಸಿ, ಮೂಗಿಗೆ ಎರಡು ತೊಟ್ಟು ಎಣ್ಣೆ ಬಿಡಿ ಎನ್ನುತ್ತಾರೆ ಅತ್ತೆಯವರು. ಮಾಡಬಹುದೇ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನುತುಪ್ಪವನ್ನು ಬೆರಳ ತುದಿಯಷ್ಟೂ ಕೊಡಬಾರದು. ಜೇನಿನಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ದೊಡ್ಡವರ ಕರುಳಿನಲ್ಲಿ ಸಾಮಾನ್ಯವಾಗಿ ಬೆಳೆಯಲಾರದ ಅವು ಎಳೆಯ ಕರುಳಿನಲ್ಲಿ ಮೊಳೆತು, ವಿಷ ಉಂಟುಮಾಡಿ, ಉಸಿರಾಟಕ್ಕೇ ತೊಂದರೆಯಾಗುವಷ್ಟು ಸ್ನಾಯುಗಳನ್ನು ದುರ್ಬಲಗೊಳಿಸಬಲ್ಲವು. ಇದು ಅಪರೂಪ, ನಿಜ. ಆದರೆ ಮನೆಯ ಒಲೆಯಲ್ಲಿ ಬಿಸಿ ಮಾಡಿದರೆ ಈ ಬೀಜಾಣುಗಳು ಸಾಯುವುದಿಲ್ಲ. ಮೂಗಿಗೆ ಬಿಟ್ಟ ಎಣ್ಣೆಯೂ ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ತರಬಹುದು. ಕರ್ಪೂರವನ್ನು ಎದೆಗೆ ಹಚ್ಚುವುದು, ಕುದಿಯುವ ನೀರಿನ ಹಬೆ ಹಿಡಿಸುವುದು ಕೂಡ ಬೇಡ: ಮೊದಲನೆಯದರಿಂದ ಫಿಟ್ಸ್ ಬರಬಹುದು, ಎರಡನೆಯದರಿಂದ ಮೈ ಸುಡಬಹುದು.

ಅತ್ತೆಯವರ ಮಾತಿಗೆ ಆಧಾರವಿಲ್ಲವೆಂದಲ್ಲ. ವರ್ಷ ದಾಟಿದ ಮಕ್ಕಳಿಗೆ ಮಲಗುವ ಮುನ್ನ ಅರ್ಧ ಚಮಚ ಜೇನು ಕೊಟ್ಟರೆ ರಾತ್ರಿಯ ಕೆಮ್ಮು ತುಸು ತಗ್ಗುತ್ತದೆ ಎಂಬುದು ಅಧ್ಯಯನಗಳಲ್ಲೂ ಕಂಡುಬಂದಿದೆ. ಮೆಣಸು, ಜೀರಿಗೆ, ಶುಂಠಿಯ ಕಷಾಯವೂ ದೊಡ್ಡವರ ಗಂಟಲಿಗೆ ಹಿತವೇ.

ನಿಮ್ಮ ಮಗುವಿಗೆ ಈಗ ಬೇಕಿರುವುದು ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್ ಹನಿ, ಅಂದರೆ ಬರೀ ಉಪ್ಪುನೀರು. ಹಾಲೂಡಿಸುವ ಹತ್ತು ನಿಮಿಷ ಮೊದಲು ಮಗುವನ್ನು ಅಂಗಾತ ಮಲಗಿಸಿ, ಪ್ರತಿ ಹೊಳ್ಳೆಗೆ ಎರಡು ಹನಿ ಬಿಟ್ಟು, ಒಂದೆರಡು ನಿಮಿಷದಲ್ಲಿ ಸಡಿಲಗೊಂಡ ಸಿಂಬಳವನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒಮ್ಮೆಲೇ ಹೊಟ್ಟೆ ತುಂಬಿಸಲು ಹೋಗದೆ, ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕುಡಿಸಿ. ನೆಗಡಿಗೆ ಕಾರಣ ವೈರಸ್ ಆದ್ದರಿಂದ ಆ್ಯಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ. ಸಿಂಬಳ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಅದು ಬೇಕೆಂದೂ ಅಲ್ಲ. ಅಂಗಡಿಯಿಂದ ನೀವೇ ತಂದ ನೆಗಡಿ ಸಿರಪ್ ಈ ವಯಸ್ಸಿಗೆ ಸಲ್ಲದು. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ನೆಗಡಿ ಇಳಿಯುತ್ತದೆ, ಕೆಮ್ಮು ಇನ್ನೂ ಕೆಲವು ದಿನ ಉಳಿಯಬಹುದು.

ಒಂದನ್ನು ಮಾತ್ರ ತಪ್ಪದೆ ಗಮನಿಸಿ. ಮಗು ಶಾಂತವಾಗಿ ಮಲಗಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಉಸಿರು 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಸೆಳೆದುಕೊಂಡರೆ, ಹಾಲು ಪೂರ್ತಿ ಬಿಟ್ಟರೆ ಅಥವಾ ಉಚ್ಚೆ ಹೊಯ್ಯುವುದು ತೀರಾ ಕಡಿಮೆಯಾದರೆ, ರಾತ್ರಿಯಾದರೂ ಸರಿ, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ.