ಕರೆಂಟ್ ಲೆಕ್ಕ, ವೇವ್ಸ್ ಲೆಕ್ಕ: ಮೊದ್ಲು ಯಾವ್ದು ಬದಲಾಗಲ್ಲ ಅಂತ ನೋಡಿ

ಪಿಯುನಲ್ಲಿ ಕರೆಂಟ್ ಮತ್ತೆ ವೇವ್ಸ್ ಚಾಪ್ಟರ್ ಫಾರ್ಮುಲಾಗಳು ತುಂಬ ಜನಕ್ಕೆ ಬಾಯಿಪಾಠ ಇರತ್ತೆ, ಆದ್ರೂ ಲೆಕ್ಕ ಕೊಟ್ಟಾಗ ಯಾವ್ದನ್ನ ಹಾಕೋದು ಅಂತ ಕೈ ನಿಂತೋಗತ್ತೆ. ಪವರ್‌ಗೇ ನೋಡಿ, ಐ ಸ್ಕ್ವೇರ್ ಆರ್ ಪ್ರಕಾರ ಆರ್ ಜಾಸ್ತಿ ಆದ್ರೆ ಪವರ್ ಜಾಸ್ತಿ, ವಿ ಸ್ಕ್ವೇರ್ ಬೈ ಆರ್ ಪ್ರಕಾರ ಆರ್ ಜಾಸ್ತಿ ಆದ್ರೆ ಪವರ್ ಕಮ್ಮಿ. ಎರಡೂ ಸರಿನೇ. ಮೊದಲನೇದು ಕರೆಂಟ್ ಒಂದೇ ಇರೋ ಕಡೆ, ಎರಡನೇದು ವೋಲ್ಟೇಜ್ ಒಂದೇ ಇರೋ ಕಡೆ ಹೋಲಿಸೋಕೆ. ಹಾಗಾಗಿ ಪ್ರಶ್ನೆ ಓದಿದ ತಕ್ಷಣ "ಇಲ್ಲಿ ಯಾವ್ದು ಬದಲಾಗಲ್ಲ?" ಅಂತ ಕೇಳ್ಕೊಂಡು ಅದನ್ನ ಮೊದಲ ಸಾಲಲ್ಲೇ ಬರೀರಿ.

60 ವಾಟ್ ಮತ್ತೆ 100 ವಾಟ್ ಬಲ್ಬ್ (ಹಳೇ ಫಿಲಮೆಂಟ್ ಬಲ್ಬ್, ಎಲ್‌ಇಡಿ ಅಲ್ಲ), ಎರಡೂ 230 ವೋಲ್ಟ್‌ದು, ಸೀರೀಸಲ್ಲಿ ಹಾಕಿದ್ರೆ ಯಾವ್ದು ಜಾಸ್ತಿ ಉರಿಯತ್ತೆ? ಬಲ್ಬ್ ಮೇಲೆ ಬರ್ದಿರೋ ವಾಟ್ ಅದಕ್ಕೆ ಪೂರ್ತಿ 230 ವೋಲ್ಟ್ ಸಿಕ್ಕಾಗ ಮಾತ್ರ ನಿಜ, ಸೀರೀಸಲ್ಲಿ ಸಿಗಲ್ಲ. ಬಲ್ಬ್ ಜೊತೆ ಬರೋದು ಅದರ ರೆಸಿಸ್ಟೆನ್ಸು. 230 ಸ್ಕ್ವೇರ್ ಅಂದ್ರೆ 52900, ಅದನ್ನ 60ರಿಂದ ಭಾಗಿಸಿದ್ರೆ ಸುಮಾರು 882 ಓಮ್, 100ರಿಂದ ಭಾಗಿಸಿದ್ರೆ 529 ಓಮ್. ಸೀರೀಸಲ್ಲಿ ಕರೆಂಟ್ ಒಂದೇ, 230 ಬೈ 1411, ಅಂದ್ರೆ 0.163 ಆಂಪಿಯರ್. ಈಗ ಐ ಸ್ಕ್ವೇರ್ ಆರ್ ಹಾಕಿ: 60 ವಾಟ್ ಬಲ್ಬಿಗೆ ಸುಮಾರು 23.4 ವಾಟ್, 100 ವಾಟ್ ಬಲ್ಬಿಗೆ ಬರೀ 14. ಅಂದ್ರೆ 60ರದ್ದೇ ಜಾಸ್ತಿ ಉರಿಯತ್ತೆ. ನಿಜವಾದ ಬಲ್ಬಲ್ಲಿ ಫಿಲಮೆಂಟ್ ಅಷ್ಟು ಕಾಯದೇ ಇರೋದ್ರಿಂದ ರೆಸಿಸ್ಟೆನ್ಸೂ ಇಳಿಯತ್ತೆ, ಈ ನಂಬರ್‌ಗಳು ಹಾಗೇ ಬರಲ್ಲ, ಆದ್ರೆ ಪರೀಕ್ಷೆ ಲೆಕ್ಕದಲ್ಲಿ ಬೇರೆ ಏನೂ ಹೇಳಿಲ್ಲ ಅಂದ್ರೆ ಆರ್ ಬದಲಾಗಲ್ಲ ಅಂತಲೇ ತಗೊಳ್ಳಿ.

ಹೀಟರ್ ಲೆಕ್ಕನೂ ಹಾಗೇನೆ. 230 ವೋಲ್ಟ್, 1500 ವಾಟ್ ಹೀಟರು, ಲೋ ವೋಲ್ಟೇಜಲ್ಲಿ 207 ವೋಲ್ಟ್ ಬಂದ್ರೆ ಎಷ್ಟು ಪವರ್? ಆರ್ ಹಿಡ್ಕೊಳ್ಳಿ, ವೋಲ್ಟೇಜ್ 0.9 ಪಟ್ಟು, ಪವರ್ 0.81 ಪಟ್ಟು, 1215 ವಾಟ್. ವೋಲ್ಟೇಜ್ 10% ಇಳಿದ್ರೆ ಪವರ್ 19% ಇಳಿಯತ್ತೆ. ವೈರ್ ಎಳೆದು ಎರಡರಷ್ಟು ಉದ್ದ ಮಾಡಿದ್ರು ಅಂದ್ರೆ ಅಲ್ಲಿ ಬದಲಾಗದೇ ಇರೋದು ವಾಲ್ಯೂಮ್, ಉದ್ದ ಎರಡರಷ್ಟಾದಾಗ ದಪ್ಪದ ಏರಿಯಾ ಅರ್ಧ ಆಗತ್ತೆ, ರೆಸಿಸ್ಟೆನ್ಸ್ 4 ಪಟ್ಟು.

ಕೆಪಾಸಿಟರ್ ಮಧ್ಯೆ ಡೈಎಲೆಕ್ಟ್ರಿಕ್ ತೂರಿಸೋ ಪ್ರಶ್ನೆ ಬಂದ್ರೆ, ಪ್ರಶ್ನೆ ಒಳಗೆ "ಬ್ಯಾಟರಿ ತೆಗೆದ ಮೇಲೆ" ಅನ್ನೋ ಪದ ಇದ್ಯಾ ಅಂತ ಮೊದ್ಲು ಹುಡುಕಿ. ತೆಗೆದಿದ್ರೆ ಚಾರ್ಜ್ ಎಲ್ಲೂ ಹೋಗೋಕೆ ದಾರಿ ಇಲ್ಲ, ಕ್ಯೂ ಅಷ್ಟೇ ಇರತ್ತೆ, ಎನರ್ಜಿ ಕೆ ಪಟ್ಟು ಕಮ್ಮಿ (ಕೆ ಅಂದ್ರೆ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್, ಕೆಪಾಸಿಟೆನ್ಸ್ ಅಷ್ಟು ಪಟ್ಟು ಜಾಸ್ತಿ ಆಗತ್ತೆ). ಬ್ಯಾಟರಿ ಇನ್ನೂ ಇದ್ರೆ ವಿ ಅಷ್ಟೇ ಇರತ್ತೆ, ಎನರ್ಜಿ ಕೆ ಪಟ್ಟು ಜಾಸ್ತಿ. ಇಷ್ಟೇ, ಇದಕ್ಕೆ ಟೇಬಲ್ ಬಾಯಿಪಾಠ ಮಾಡೋ ಅಗತ್ಯ ಇಲ್ಲ.

ಇನ್ನು ವೇವ್ಸ್. ಇಲ್ಲಿ ಫ್ರೀಕ್ವೆನ್ಸಿ ಸೋರ್ಸ್‌ದು, ಸ್ಪೀಡ್ ಮೀಡಿಯಮ್‌ದು, ವೇವ್‌ಲೆಂತ್ ಪಾಪ ಇವೆರಡು ಹೇಳಿದ ಹಾಗೆ ಕೇಳತ್ತೆ. 500 ಹರ್ಟ್ಸ್ ಸೌಂಡ್ ಗಾಳಿಯಿಂದ ನೀರಿಗೆ ಹೋದಾಗ ಫ್ರೀಕ್ವೆನ್ಸಿ ಯಾಕೆ ಬದಲಾಗಲ್ಲ ಅಂದ್ರೆ, ಗಾಳಿ ಸೆಕೆಂಡಿಗೆ ಎಷ್ಟು ಸಲ ನೀರಿನ ಮೇಲ್ಮೈನ ತಳ್ಳತ್ತೋ ನೀರು ಅಷ್ಟೇ ಸಲ ಅಲುಗಬೇಕು. ಸ್ಪೀಡ್ ಗಾಳಿಯಲ್ಲಿ ಸುಮಾರು 340, ನೀರಲ್ಲಿ ಸುಮಾರು 1480 ಮೀಟರ್ ಪರ್ ಸೆಕೆಂಡ್, ಹಾಗಾಗಿ ವೇವ್‌ಲೆಂತ್ 0.68 ಮೀಟರಿಂದ 2.96 ಮೀಟರಿಗೆ ಹೋಗತ್ತೆ.

ತಂತಿ ಲೆಕ್ಕ ಅರ್ಥ ಆಗ್ಬೇಕು ಅಂದ್ರೆ ಯಾರಾದ್ರೂ ವೀಣೆ ನುಡಿಸೋದನ್ನ ಹತ್ರದಿಂದ ನೋಡಿ. ಬಿರಡೆ ತಿರುಗಿಸಿದಾಗ ಉದ್ದ ಅಷ್ಟೇ, ಟೆನ್ಷನ್ ಬದಲಾಗತ್ತೆ, ಫ್ರೀಕ್ವೆನ್ಸಿ ಟೆನ್ಷನ್ನಿನ ಸ್ಕ್ವೇರ್ ರೂಟ್ ಪ್ರಕಾರ ಏರತ್ತೆ. ಅಂದ್ರೆ ಟೆನ್ಷನ್ 21% ಜಾಸ್ತಿ ಮಾಡಿದ್ರೆ ಫ್ರೀಕ್ವೆನ್ಸಿ 10% ಜಾಸ್ತಿ. ಮೆಟ್ಟಿಲ ಮೇಲೆ ಬೆರಳಿಟ್ಟು ಒತ್ತಿದಾಗ ಟೆನ್ಷನ್ ಹೆಚ್ಚುಕಮ್ಮಿ ಅಷ್ಟೇ ಇರತ್ತೆ, ತಂತಿಯಲ್ಲಿ ವೇವ್ ಸ್ಪೀಡೂ ಅಷ್ಟೇ, ಉದ್ದ ಕಮ್ಮಿ ಆಗತ್ತೆ. 24 ಮೆಟ್ಟಿಲಲ್ಲಿ 12ನೇದಕ್ಕೆ ಬಂದಾಗ ಉದ್ದ ಸುಮಾರು ಅರ್ಧ, ಫ್ರೀಕ್ವೆನ್ಸಿ ಎರಡರಷ್ಟು, ಮೇಲಿನ ಸ. ಅದೇ ಸ್ವರ ಬರೀ ಟೆನ್ಷನ್ನಿಂದ ತರಬೇಕು ಅಂದ್ರೆ 4 ಪಟ್ಟು ಬಿಗಿ ಮಾಡ್ಬೇಕು. ಮತ್ತೆ ನೆನಪಿಡಿ, ತಂತಿ ವೇವ್‌ಲೆಂತೇ ಬೇರೆ, ಅದರಿಂದ ಹೊರಟ ಸೌಂಡಿನ ವೇವ್‌ಲೆಂತೇ ಬೇರೆ. 0.8 ಮೀಟರ್ ತಂತಿ 150 ಹರ್ಟ್ಸಲ್ಲಿ ಫಂಡಮೆಂಟಲ್ ಕೊಟ್ರೆ ತಂತಿಯಲ್ಲಿ 1.6 ಮೀಟರ್, ಗಾಳಿಯಲ್ಲಿ 340 ಬೈ 150, ಸುಮಾರು 2.27 ಮೀಟರ್. ಎರಡಕ್ಕೂ ಒಂದೇ ಇರೋದು 150 ಹರ್ಟ್ಸ್ ಮಾತ್ರ.

ಸಮೀಕರಣ ಕೊಟ್ಟು ಸ್ಪೀಡ್ ಕೇಳಿದಾಗ ಯಾವ ಸ್ಪೀಡ್ ಅಂತ ಎರಡು ಸಲ ಓದಿ, ಸಿಇಟಿಲಿ 80 ನಿಮಿಷಕ್ಕೆ 60 ಪ್ರಶ್ನೆ ಇದ್ರೂ ಈ ಐದು ಸೆಕೆಂಡ್ ಉಳಿಸೋಕೆ ಹೋಗ್ಬೇಡಿ. ವೈ = 0.02 ಸೈನ್ (4ಎಕ್ಸ್ − 200ಟಿ), ಎಲ್ಲಾ ಮೀಟರ್, ಸೆಕೆಂಡಲ್ಲಿ. ವೇವ್ ಸ್ಪೀಡ್ 200 ಬೈ 4, ಅಂದ್ರೆ 50 ಮೀಟರ್ ಪರ್ ಸೆಕೆಂಡ್, ಆಂಪ್ಲಿಟ್ಯೂಡ್ ಎಷ್ಟಿದ್ರೂ ಇದು ಇಷ್ಟೇ. ತಂತಿಯ ಒಂದು ಕಣ ಮೇಲೆ ಕೆಳಗೆ ಓಡೋ ಗರಿಷ್ಠ ಸ್ಪೀಡ್ 0.02 ಇಂಟು 200, ಅಂದ್ರೆ 4. ಆಂಪ್ಲಿಟ್ಯೂಡ್ ಡಬಲ್ ಆದ್ರೆ 4 ಹೋಗಿ 8 ಆಗತ್ತೆ, 50 ಹಾಗೇ ಇರತ್ತೆ.