'ದಿ ಪವರ್' ಹಾಡಿದ್ದು ಯಾರು? 1990ರ ಒಂದು ಗೋಜಲು

'ಐವ್ ಗಾಟ್ ದ ಪವರ್'. ಹೆಣ್ಣುದನಿಯಲ್ಲಿ ಸಿಡಿಯುವ ಈ ನಾಲ್ಕು ಪದ ಕೇಳದವರು ಕಡಿಮೆ. ಜಿಮ್ಮಲ್ಲೋ, ಜಾಹೀರಾತಲ್ಲೋ, 2003ರ 'ಬ್ರೂಸ್ ಆಲ್ಮೈಟಿ' ಸಿನಿಮಾದಲ್ಲೋ ಕೇಳಿರುತ್ತೀರಿ. ಗುಂಪಿನ ಹೆಸರು ಸ್ನ್ಯಾಪ್, ಹಾಡಿನ ಹೆಸರು 'ದಿ ಪವರ್', ಬಂದಿದ್ದು 1990ರ ಶುರುವಿನಲ್ಲಿ, ಅದೂ ಗುಂಪಿನ ಮೊಟ್ಟಮೊದಲ ಸಿಂಗಲ್. ಇಲ್ಲಿಯವರೆಗೆ ಎಲ್ಲ ಸಲೀಸು. ಹಾಡಿದ್ದು ಯಾರು ಅಂತ ಕೇಳಿದ ಕೂಡಲೇ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ, ಮಜಾ ಏನಂದ್ರೆ ಯಾರೂ ಪೂರ್ತಿ ಸುಳ್ಳು ಹೇಳುತ್ತಿರುವುದಿಲ್ಲ.

ಮೊದಲು ಸ್ವಲ್ಪ ಹಿಂದಿನದು. ಎಪ್ಪತ್ತರ ದಶಕದ ಡಿಸ್ಕೋ ಕಾಲದಿಂದಲೂ ಯುರೋಪಿನ ಸ್ಟುಡಿಯೋಗಳಲ್ಲಿ ಹಾಡುವವರು ಒಬ್ಬರು, ವೇದಿಕೆ ಮೇಲೆ ಕುಣಿಯುವವರು ಇನ್ನೊಬ್ಬರು ಆಗಿದ್ದುಂಟು. ಬೋನಿ ಎಂ ಗುಂಪಿನಲ್ಲಿ ಕುಣಿದದ್ದು ಬಾಬಿ ಫ್ಯಾರೆಲ್, ರೆಕಾರ್ಡಿನಲ್ಲಿದ್ದ ಗಂಡುದನಿ ನಿರ್ಮಾಪಕ ಫ್ರಾಂಕ್ ಫಾರಿಯನ್ ಅವರದ್ದು. ಎಂಬತ್ತರ ದಶಕದಲ್ಲಿ ಸ್ಯಾಂಪ್ಲರ್ ಅನ್ನೋ ಯಂತ್ರ ಕೈಗೆಟುಕಿತು. ಹಳೇ ರೆಕಾರ್ಡಿನಿಂದ ಎರಡು ಸೆಕೆಂಡು ಕತ್ತರಿಸಿ, ಬೇಕಾದ ತಾಳಕ್ಕೆ ಅಂಟಿಸಬಹುದು. ಗಾಯಕಿ ಸ್ಟುಡಿಯೋಗೆ ಬರಬೇಕಾಗಿಯೇ ಇಲ್ಲ!

ಈಗ ಫ್ರಾಂಕ್‌ಫರ್ಟ್‌ಗೆ ಬನ್ನಿ. ಅಲ್ಲಿ ಮೈಕೆಲ್ ಮುಂಜಿಂಗ್, ಲೂಕಾ ಆಂಜಿಲೋಟಿ ಅಂತ ಇಬ್ಬರು ನಿರ್ಮಾಪಕರು. ರೆಕಾರ್ಡಿನ ಮೇಲೆ ಅವರ ಹೆಸರೂ ನಿಜವಾದದ್ದಲ್ಲ: ಬೆನಿಟೋ ಬೆನಿಟೆಸ್, ಜಾನ್ 'ವರ್ಗೋ' ಗ್ಯಾರೆಟ್ ಅಂತ ಹಾಕಿಕೊಂಡಿದ್ದರು. ಇವರು ಕಟ್ಟಿದ ಮೊದಲ ಆವೃತ್ತಿಯಲ್ಲಿ ತಾವೇ ಹಾಡಿಸಿದ್ದು ಏನೂ ಇರಲಿಲ್ಲ ಅಂದರೂ ನಡೆಯುತ್ತೆ. ಆ ಪ್ರಸಿದ್ಧ ನಾಲ್ಕು ಪದ ಗಾಯಕಿ ಜೋಸೆಲಿನ್ ಬ್ರೌನ್ ಅವರ 'ಲವ್ಸ್ ಗಾನಾ ಗೆಟ್ ಯೂ' ಹಾಡಿನದು, 1985ರದು. ರ‍್ಯಾಪ್ ನ್ಯೂಜೆರ್ಸಿಯ ಚಿಲ್ ರಾಬ್ ಜಿ ಅವರ 'ಲೆಟ್ ದ ವರ್ಡ್ಸ್ ಫ್ಲೋ'ದಿಂದ ಎತ್ತಿದ್ದು. ಡ್ರಮ್ಮಿನ ಪೆಟ್ಟು ಮ್ಯಾಂಟ್ರೋನಿಕ್ಸ್ ಅನ್ನೋ ಗುಂಪಿನದು. ಹಾಡಿನ ಶುರುವಿಗೆ ಒಬ್ಬಾತ ಗಂಭೀರವಾಗಿ ರಷ್ಯನ್‌ನಲ್ಲಿ ಏನೋ ಹೇಳುತ್ತಾನಲ್ಲ, ಅದೇನೋ ಯುದ್ಧದ ಸುದ್ದಿ ಇರಬೇಕು ಅಂದುಕೊಂಡವರೇ ಜಾಸ್ತಿ. ಅಲ್ಲವೇ ಅಲ್ಲ. ಅಮೆರಿಕದ ಒಂದು ಕಂಪನಿ ಹೊಸ ಕಂಪ್ಯೂಟರ್ ತಯಾರಿಸಲು ಶುರುಮಾಡಿದೆ ಅಂತ ಅಷ್ಟೇ.

ಕ್ಲಬ್ಬುಗಳಲ್ಲಿ ಹಾಡು ಓಡಿತು. ಅರಿಸ್ಟಾ ಅನ್ನೋ ರೆಕಾರ್ಡ್ ಕಂಪನಿ ಅದನ್ನು ಅಮೆರಿಕಕ್ಕೆ ತರಲು ಹೊರಟಾಗ ಗಂಟು ಬಿತ್ತು, ಯಾಕೆಂದರೆ ಚಿಲ್ ರಾಬ್ ಜಿ ಅವರ ದನಿ ಅವರ ರೆಕಾರ್ಡ್ ಕಂಪನಿ ವೈಲ್ಡ್ ಪಿಚ್ ಕೈಯಲ್ಲಿತ್ತು. ವೈಲ್ಡ್ ಪಿಚ್ ಸುಮ್ನೆ ಕೂರಲಿಲ್ಲ, 'ಪವರ್ ಜಾಮ್' ಅನ್ನೋ ಹೆಸರಲ್ಲಿ ಚಿಲ್ ರಾಬ್ ಜಿ ಆವೃತ್ತಿಯನ್ನು ತಾನೇ ಬಿಡುಗಡೆ ಮಾಡಿತು. ಇತ್ತ ಸ್ನ್ಯಾಪ್ ಹೊಸ ರ‍್ಯಾಪರ್ ತಂದಿತು: ಟರ್ಬೋ ಬಿ, ಪಿಟ್ಸ್‌ಬರ್ಗಿನವರು, ಅಮೆರಿಕದ ಸೇನೆಯಲ್ಲಿದ್ದುಕೊಂಡು ಜರ್ಮನಿಗೆ ಬಂದವರು. ಹೆಣ್ಣುದನಿಗೆ ಪೆನ್ನಿ ಫೋರ್ಡ್ ಬಂದರು. ಹೀಗೆ ಒಂದೇ ಹೊತ್ತಿನಲ್ಲಿ ಅಮೆರಿಕದ ಅಂಗಡಿಗಳಲ್ಲಿ ಒಂದೇ ಹಾಡಿನ ಎರಡು ರೆಕಾರ್ಡು, ಎರಡು ಬೇರೆ ರ‍್ಯಾಪರ್! ಟರ್ಬೋ ಬಿ ತಮ್ಮ ಮಾತುಗಳನ್ನು ಸೇರಿಸಿದರು, ಹಳೆಯದರಲ್ಲಿ ಕೆಲವನ್ನು ಉಳಿಸಿಕೊಂಡರು. ಆ ಹಾಡಿನ ರ‍್ಯಾಪಿನಲ್ಲೇ ಒಂದು ಮಾತಿದೆ, ನನ್ನ ಸಾಲುಗಳಿಗೆ ಕಾಪಿರೈಟ್ ಇದೆ, ಯಾರೂ ಕದಿಯೋಕಾಗಲ್ಲ ಅಂತ. ಇದನ್ನು ನಾನೇನೂ ಕಟ್ಟಿ ಹೇಳುತ್ತಿಲ್ಲ, ಹಾಡು ಹಾಕಿ ಕೇಳಿ.

ಇಷ್ಟಕ್ಕೇ ಮುಗಿಯಲಿಲ್ಲ. ವಿಡಿಯೋ ಬಂದಾಗ ಅದರಲ್ಲಿ ತುಟಿ ಆಡಿಸಿದ್ದು ಪೆನ್ನಿ ಫೋರ್ಡ್ ಅಲ್ಲ, ಜಾಕಿ ಹ್ಯಾರಿಸ್. ಅಂದರೆ ಸಾಲು ಹುಟ್ಟಿದ್ದು ಒಬ್ಬರ ಗಂಟಲಲ್ಲಿ, ರೆಕಾರ್ಡಿಗೆ ಹಾಡಿದ್ದು ಇನ್ನೊಬ್ಬರು, ಟಿವಿಯಲ್ಲಿ ಕಂಡ ಮುಖ ಮತ್ತೊಬ್ಬರದು. ಮೂವರೂ ಕಪ್ಪು ಹೆಂಗಸರು ಅನ್ನೋದನ್ನೂ ಗಮನಿಸಬೇಕು. 1990ರ ಮಾರ್ಚ್ ಕೊನೆಗೆ ಹಾಡು ಬ್ರಿಟನ್‌ನಲ್ಲಿ 1ನೇ ಸ್ಥಾನಕ್ಕೇರಿ ಎರಡು ವಾರ ಅಲ್ಲೇ ಕೂತಿತು, ಅಮೆರಿಕದಲ್ಲಿ 2ನೇ ಸ್ಥಾನದವರೆಗೆ ಹೋಯಿತು.

ತುಟಿ ಒಬ್ಬರದು, ದನಿ ಇನ್ನೊಬ್ಬರದು ಅಂದರೆ ನಮಗೇನು ಹೊಸದಾ? ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡಿದ್ದಾರೆ ಅಂತ ಮನೆಮನೆಗೂ ಗೊತ್ತಿತ್ತು, ಅದರಲ್ಲಿ ಯಾರಿಗೂ ಮೋಸ ಅನ್ನಿಸಲಿಲ್ಲ, ಯಾಕೆಂದರೆ ಹಾಡಿದವರ ಹೆಸರು ಟೈಟಲ್ ಕಾರ್ಡಿನಲ್ಲೇ ಬರುತ್ತಿತ್ತು. ಯುರೋಪಿನ ಆ ರೆಕಾರ್ಡುಗಳಲ್ಲಿ ಹಾಡಿದವರ ಹೆಸರಿನ ಆ ಒಂದು ಸಾಲು ಬರೆಯೋ ರೂಢಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಸ್ನ್ಯಾಪ್ ಒಂದೇ ಹೀಗೆ ಅಂತಲೂ ಅಲ್ಲ. 1989ರಲ್ಲಿ ಇಟಲಿಯ ಬ್ಲ್ಯಾಕ್ ಬಾಕ್ಸ್ ಗುಂಪಿನ 'ರೈಡ್ ಆನ್ ಟೈಮ್' ಬ್ರಿಟನ್‌ನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಅದರೊಳಗಿನ ದನಿ ಲೊಲಿಯಾಟಾ ಹಾಲೊವೇ 1980ರಲ್ಲಿ ಹಾಡಿದ ಹಾಡಿನದು, ಟಿವಿಯಲ್ಲಿ ಕಂಡದ್ದು ಒಬ್ಬ ಮಾಡೆಲ್. ಅದೇ ವರ್ಷ ಬೆಲ್ಜಿಯಂನ ಟೆಕ್ನೋಟ್ರಾನಿಕ್ ಗುಂಪಿನ 'ಪಂಪ್ ಅಪ್ ದ ಜಾಮ್'. ಹಾಡಿದ್ದು ಯಾ ಕಿಡ್ ಕೆ, ಕಂಡದ್ದು ಇನ್ನೊಬ್ಬ ಮಾಡೆಲ್. 1990ರ ನವೆಂಬರಿನಲ್ಲಿ ಮಿಲಿ ವನಿಲಿ ಜೋಡಿ ತಮ್ಮ ಹೆಸರಿನ ಹಾಡುಗಳನ್ನು ತಾವು ಹಾಡಿಯೇ ಇರಲಿಲ್ಲ ಅಂತ ಬಯಲಾಗಿ ಗ್ರ್ಯಾಮಿ ಪ್ರಶಸ್ತಿ ವಾಪಸ್ ಹೋದಾಗಲೇ ಜನ ಕೂಗಾಡಿದ್ದು. ತಮ್ಮ ದನಿಗೆ ಬೇರೆಯವರ ಮುಖ ಅಂಟಿಸಿದ್ದಕ್ಕೆ ಗಾಯಕಿ ಮಾರ್ಥಾ ವಾಶ್ ಅಮೆರಿಕದಲ್ಲಿ ಕೋರ್ಟಿಗೆ ಹೋದರು, ಆಮೇಲೆ ನಿಧಾನವಾಗಿ ಹಾಡಿದವರ ಹೆಸರು ಕಾಣಿಸತೊಡಗಿತು. 1991ರ ಡಿಸೆಂಬರಿನಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ಒಪ್ಪಿಗೆಯಿಲ್ಲದೆ ಹಳೇ ಹಾಡಿನ ತುಣುಕು ಬಳಸಿದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ತೀರ್ಪನ್ನು ಬೈಬಲ್ಲಿನ 'ಕದಿಯಬೇಡ' ಎಂಬ ಮಾತಿನಿಂದಲೇ ಶುರುಮಾಡಿದರು. ಅಲ್ಲಿಂದ ಎರಡು ಸೆಕೆಂಡಿಗೂ ಮೊದಲೇ ಒಪ್ಪಿಗೆ ಕೇಳುವ ಕಾಲ ಬಂತು.

ಹಾಗಂತ ಯಾರನ್ನಾದರೂ ಕಟಕಟೆಗೆ ಎಳೆಯೋಣ ಅಂದರೆ ಯಾರನ್ನು? ನಿರ್ಮಾಪಕರು ಆಗ ಎಲ್ಲರೂ ಮಾಡುತ್ತಿದ್ದದ್ದನ್ನೇ ಮಾಡಿದರು. ಕಂಪನಿಗಳು ಕಾಗದ ಸರಿಮಾಡಿಕೊಂಡವು. ವಿಡಿಯೋದಲ್ಲಿ ನಿಂತವರು ಹೇಳಿದ ಜಾಗದಲ್ಲಿ ನಿಂತರು. ಆದರೂ ಆ ನಾಲ್ಕು ಪದ ತೆಗೆದರೆ ಉಳಿಯುವುದು ಒಂದು ಒಳ್ಳೆ ತಾಳ, ಅಷ್ಟೇ ಅಲ್ವಾ?

1992ರಲ್ಲಿ 'ರಿದಮ್ ಈಸ್ ಎ ಡ್ಯಾನ್ಸರ್' ಬರುವಷ್ಟರಲ್ಲಿ ಸ್ನ್ಯಾಪ್‌ನ ಗಾಯಕಿ ಥಿಯಾ ಆಸ್ಟಿನ್ ಆಗಿದ್ದರು. 1996ರಲ್ಲಿ 'ದಿ ಪವರ್' ಮತ್ತೆ ಬಂತು, ಇನ್ನೊಬ್ಬ ರ‍್ಯಾಪರ್ ಜೊತೆ. 2003ರಲ್ಲಿ ಮತ್ತೊಮ್ಮೆ, ಈ ಸಲ 'ದಿ ಪವರ್ ಆಫ್ ಭಾಂಗ್ರಾ' ಅಂತ, ಪಂಜಾಬಿ ವರಸೆಯಲ್ಲಿ. ರೆಕಾರ್ಡಿನ ಮೇಲಿದ್ದ ಹೆಸರು ಎರಡೇ: ಸ್ನ್ಯಾಪ್, ಮೋಟಿವೋ.