ಕಪ್ಪೂ ಒಂದು ಆಯ್ಕೆಯೇ: ವಿನೈಲ್ ರೆಕಾರ್ಡಿಗೆ ಬಣ್ಣ ಬಂದ ಬಗೆ

ಗ್ರಾಮಫೋನ್ ರೆಕಾರ್ಡು ಎಂದೊಡನೆ ಕಣ್ಣಿಗೆ ಕಟ್ಟುವುದು ಮಿರಮಿರ ಮಿಂಚುವ ಕಪ್ಪು ತಟ್ಟೆ. ಆದರೆ ಆ ತಟ್ಟೆಯ ಮೂಲವಸ್ತುವಾದ, ವಿನೈಲ್ ಎಂದು ಕರೆಯುವ ಪಿವಿಸಿ ಪ್ಲಾಸ್ಟಿಕ್ಕಿಗೆ ಹುಟ್ಟಿನಿಂದ ಕಪ್ಪು ಬಣ್ಣವೇನೂ ಇಲ್ಲ. ಬಣ್ಣ ಬೆರೆಸದೆ ಅಚ್ಚೊತ್ತಿದರೆ ಅದು ಹೆಚ್ಚುಕಡಿಮೆ ಗಾಜಿನಂತೆ ಆಚೆಗಿನದನ್ನು ತೋರಿಸುತ್ತದೆ. ಕಾರ್ಬನ್ ಬ್ಲ್ಯಾಕ್ ಎಂಬ ಅತಿ ನಯವಾದ ಮಸಿಪುಡಿಯನ್ನು ಸ್ವಲ್ಪವೇ ಸೇರಿಸಿದಾಗ ಕಪ್ಪು ಬರುತ್ತದೆ. ಹಾಗಾಗಿ ಇಂದು ಸಂಗೀತಗಾರರೊಬ್ಬರು ರೆಕಾರ್ಡು ತಯಾರಿಸುವ ಅಚ್ಚುಮನೆಯ ಬಣ್ಣದ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಾಗ, ಕಪ್ಪು ಕೂಡ ಆ ಪಟ್ಟಿಯೊಳಗಿನ ಒಂದು ಆಯ್ಕೆಯೇ ಹೊರತು ಪಟ್ಟಿಯ ಹೊರಗಿನ ಸಹಜಸ್ಥಿತಿಯಲ್ಲ.

ತಟ್ಟೆಗೆ ಮಸಿ ಬೆರೆಸುವ ರೂಢಿ ವಿನೈಲ್‌ಗಿಂತ ಹಳೆಯದು. ಅದಕ್ಕೆ ಮುಂಚಿನ 78 ವೇಗದ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳನ್ನು ಅರಗಿಗೆ ಕಲ್ಲಿನ ಪುಡಿಯನ್ನು ಬೆರೆಸಿ ಮಾಡುತ್ತಿದ್ದರು. ಆ ಮಿಶ್ರಣದ ಮಂಕು ಬಣ್ಣವನ್ನು ಮಸಿ ಮರೆಮಾಡುತ್ತಿತ್ತು. ವಿನೈಲ್ ಬಂದ ಮೇಲೂ ಕಪ್ಪು ಉಳಿದುಕೊಂಡದ್ದಕ್ಕೆ ಅಭ್ಯಾಸಬಲದ ಜೊತೆಗೆ ಅನುಕೂಲವೂ ಇತ್ತು. ಅಚ್ಚಿನ ಅಂಚಿನಿಂದ ಕತ್ತರಿಸಿದ ಚೂರುಗಳನ್ನು ಮತ್ತೆ ಅರೆದು ಬಳಸಿದರೆ ಕಪ್ಪಿನಲ್ಲಿ ಗೊತ್ತಾಗುವುದಿಲ್ಲ. ಎರಡು ಹಾಡುಗಳ ನಡುವಿನ ಖಾಲಿ ಪಟ್ಟಿ ಕಪ್ಪಿನ ಮೇಲೆ ಸ್ಪಷ್ಟವಾಗಿ ಕಾಣುವುದರಿಂದ ಮುಳ್ಳನ್ನು ಬೇಕಾದ ಕಡೆ ಇಳಿಸುವುದೂ ಸುಲಭ. ಪಾರದರ್ಶಕ ತಟ್ಟೆಯ ಮೇಲೆ ಮಂದ ಬೆಳಕಿನಲ್ಲಿ ಮೂರನೆಯ ಹಾಡನ್ನು ಹುಡುಕಲು ಹೆಣಗಿದವರಿಗೆ ಈ ಮಾತಿನ ಅರ್ಥ ಬೇಗ ಆಗುತ್ತದೆ.

ಬಣ್ಣವನ್ನು ಒಂದು ಪದ್ಧತಿಯಾಗಿಯೇ ಬಳಸಿದ ಪ್ರಸಿದ್ಧ ಪ್ರಯತ್ನ ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿಯದು. ಪ್ರತಿಸ್ಪರ್ಧಿ ಕೊಲಂಬಿಯಾ 1948ರಲ್ಲಿ ಹೆಚ್ಚು ಹೊತ್ತು ಹಾಡುವ ಎಲ್‌ಪಿ ತಟ್ಟೆಯನ್ನು ತಂದ ಮರುವರ್ಷ ಆರ್‌ಸಿಎ 7 ಇಂಚಿನ 45 ವೇಗದ ತಟ್ಟೆಯನ್ನು ಏಳು ಬಣ್ಣಗಳಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಜನಪ್ರಿಯ ಗೀತೆಗೆ ಕಪ್ಪು, ಶಾಸ್ತ್ರೀಯಕ್ಕೆ ಕೆಂಪು, ಲಘು ಶಾಸ್ತ್ರೀಯಕ್ಕೆ ಕಡುನೀಲಿ, ಕಂಟ್ರಿ ಸಂಗೀತಕ್ಕೆ ಹಸಿರು, ಮಕ್ಕಳಿಗೆ ಹಳದಿ, ರಿದಮ್ ಅಂಡ್ ಬ್ಲೂಸ್‌ಗೆ ಚೆರಿ ಹಣ್ಣಿನ ಕೆಂಪು, ಹೊರದೇಶಗಳ ಸಂಗೀತಕ್ಕೆ ಆಕಾಶನೀಲಿ. ಇಲ್ಲಿ ಬಣ್ಣ ಅಲಂಕಾರವಾಗಿರಲಿಲ್ಲ, ವಿಂಗಡಣೆಯ ಗುರುತಾಗಿತ್ತು. ಏಳು ಬಗೆಯ ಕಚ್ಚಾವಸ್ತುವನ್ನು ಒಂದಕ್ಕೊಂದು ಸೋಕದಂತೆ ಕಾಪಾಡುವ ಕೆಲಸ ಎಷ್ಟು ತ್ರಾಸದ್ದೆಂದು ಊಹಿಸಬಹುದು. ಕೆಲವೇ ವರ್ಷಗಳಲ್ಲಿ ಕಂಪನಿ ಈ ಪದ್ಧತಿಯ ಬಹುಭಾಗವನ್ನು ಕೈಬಿಟ್ಟಿತು. ಜಪಾನಿನ ತೋಷಿಬಾದ ಕೆಂಪು ತಟ್ಟೆಗಳಲ್ಲಿ ಬಣ್ಣಕ್ಕೆ ಮತ್ತೊಂದು ಅರ್ಥ ಬಂತು: ಸ್ಥಿರವಿದ್ಯುತ್ತನ್ನು ತಡೆದು ದೂಳು ಅಂಟದಂತೆ ಮಾಡಿದ ವಿನೈಲ್ ಇದು ಎಂಬುದಕ್ಕೆ ಆ ಕೆಂಪೇ ಗುರುತು.

ಶುದ್ಧ ಅಲಂಕಾರದ ದಾರಿ ಬೇರೆಯೇ ಇತ್ತು. ಡೆಟ್ರಾಯಿಟ್‌ನಲ್ಲಿ 1946–47ರಲ್ಲಿ ತಯಾರಾದ ವೋಗ್ ತಟ್ಟೆಗಳಲ್ಲಿ ನಡುವೆ ಅಲ್ಯೂಮಿನಿಯಂ ಹಾಳೆ, ಅದರ ಎರಡೂ ಬದಿಗೆ ಬಣ್ಣದ ಚಿತ್ರ, ಚಿತ್ರದ ಮೇಲೆ ಪಾರದರ್ಶಕ ವಿನೈಲ್ ಇರುತ್ತಿತ್ತು. 1970ರ ದಶಕದ ಕೊನೆಯಲ್ಲಿ ಚಿತ್ರತಟ್ಟೆಗಳ ಗೀಳು ಮತ್ತೆ ಎದ್ದಿತು. ಈಗಿನ ಚಿತ್ರತಟ್ಟೆಗಳಲ್ಲಿ ಸಾಮಾನ್ಯವಾಗಿ ಮುಳ್ಳು ಓಡುವ ಗೀರು ಮೂಡುವುದು ಚಿತ್ರದ ಮೇಲೆ ಹೊದಿಸಿದ ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ. ಅದು ಗೀರಿನ ವಿವರವನ್ನು ವಿನೈಲಿನಷ್ಟು ಚೊಕ್ಕವಾಗಿ ಹಿಡಿಯದ ಕಾರಣ ಹಾಡಿನ ಹಿಂದೆ ಸರಪರ ಸದ್ದು ಹೆಚ್ಚು. ಬಣ್ಣದ ತಟ್ಟೆ ಎಂದರೆ ಕಳಪೆ ಧ್ವನಿ ಎಂಬ ಅಪವಾದ ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟಿದ್ದು ಎಂದು ನನಗನಿಸುತ್ತದೆ.

ಇಂದಿನ ಅಚ್ಚುಮನೆಗಳಲ್ಲಿ ಬಣ್ಣದಷ್ಟೇ ಬೇಡಿಕೆ ವಿನ್ಯಾಸಗಳಿಗೂ ಇದೆ. ಬಣ್ಣ ಚೆಲ್ಲಿದಂತೆ ಕಾಣುವ ಸ್ಪ್ಲ್ಯಾಟರ್ ಎಂಬ ವಿನ್ಯಾಸವನ್ನೇ ನೋಡಿ. ಕಾಯಿಸಿ ಮೆತ್ತಗಾದ ವಿನೈಲನ್ನು ಯಂತ್ರ ಅಂಗೈಯಗಲದ ದಪ್ಪ ಬಿಲ್ಲೆಯಾಗಿ ಹೊರಹಾಕುತ್ತದೆ. ಕೆಲಸಗಾರ ಆ ಬಿಸಿ ಬಿಲ್ಲೆಗೆ ಬೇರೆ ಬಣ್ಣದ ವಿನೈಲ್ ಕಾಳುಗಳನ್ನು ಕೈಯಿಂದ ಮೆತ್ತಿ, ಮೇಲೆ ಕೆಳಗೆ ಲೇಬಲ್ ಕಾಗದವಿಟ್ಟು, ಎರಡು ನಿಕ್ಕಲ್ ಅಚ್ಚುಗಳ ನಡುವೆ ಕೂರಿಸುತ್ತಾನೆ. ನೂರು ಟನ್ನಿಗೂ ಮೀರಿದ ಒತ್ತಡ ಬಿದ್ದಾಗ ವಿನೈಲ್ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಮೆತ್ತಿದ ಕಾಳುಗಳೂ ಅದರೊಂದಿಗೆ ಎಳೆದುಕೊಂಡು ಹೋಗುವುದರಿಂದಲೇ ಚುಕ್ಕಿಯಾಗಬೇಕಿದ್ದದ್ದು ಸೂರ್ಯಕಿರಣದಂಥ ಗೆರೆಯಾಗುತ್ತದೆ. ಸುಮಾರು ಅರ್ಧ ನಿಮಿಷದಲ್ಲಿ ಮುಗಿಯುವ ಈ ಕೆಲಸದಲ್ಲಿ ಒಂದು ತಟ್ಟೆಯಂತೆ ಮತ್ತೊಂದು ಇರುವುದಿಲ್ಲ. ಆದ್ದರಿಂದ ಕಂಪ್ಯೂಟರಿನಲ್ಲಿ ಬಿಡಿಸಿದ ಮಾದರಿ ಚಿತ್ರವನ್ನು ನಂಬಿ ಸಾವಿರ ತಟ್ಟೆಗೆ ಆರ್ಡರ್ ಕೊಟ್ಟವರಿಗೆ ಆಶ್ಚರ್ಯ ಕಾದಿರುತ್ತದೆ. ಅಮೃತಶಿಲೆಯಂತೆ ಕಾಣುವ ಮಾರ್ಬಲ್ ವಿನ್ಯಾಸದ್ದೂ ಇದೇ ಕಥೆ: ಕರಗುವಾಗ ಎರಡು ಬಣ್ಣ ಎಷ್ಟು ಬೆರೆತವೋ ಅಷ್ಟೇ ಅದರ ಸೊಬಗು, ತುಸು ಹೆಚ್ಚು ಬೆರೆತರೆ ಕೆಸರು.

ಧ್ವನಿಯ ಪ್ರಶ್ನೆಗೆ ಬಂದರೆ, ಗೀರಿನಲ್ಲಿ ಓಡುವ ಮುಳ್ಳಿಗೆ ಬಣ್ಣ ಕಾಣುವುದಿಲ್ಲ, ಮೇಲ್ಮೈ ಮಾತ್ರ ಗೊತ್ತಾಗುತ್ತದೆ. ಒಳ್ಳೆಯ ವಿನೈಲ್, ಸರಿಯಾದ ಶಾಖ, ಅವಸರವಿಲ್ಲದ ಕೆಲಸ ಇದ್ದರೆ ಒಂದೇ ಬಣ್ಣದ ತಟ್ಟೆ ಕಪ್ಪಿಗೆ ಸಾಟಿಯಾಗಿ ಹಾಡಬಲ್ಲದು. ಕತ್ತಲಲ್ಲಿ ಹೊಳೆಯುವ ತಟ್ಟೆಯ ಮಾತು ಬೇರೆ. ಅದರೊಳಗಿನ ಹೊಳೆಯುವ ಪುಡಿ ಗೀರಿನ ನಯವನ್ನು ಕೆಡಿಸಿ ಸರಪರ ಸದ್ದನ್ನು ಹೆಚ್ಚಿಸುತ್ತದೆ. ಲೋಹದ ಹೊಳಪಿನ ಬಣ್ಣಗಳಿಗೂ ಇಂಥ ದೂರು ಅಂಟಿಕೊಂಡಿದೆ. ಹೊದಿಕೆಯ ಚಿತ್ರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಬಣ್ಣ ಹೊಂದಬೇಕೆಂದು ಹಟ ಹಿಡಿದೂ ಫಲವಿಲ್ಲ, ಏಕೆಂದರೆ ಅಚ್ಚುಮನೆಗಳು ಸಾಮಾನ್ಯವಾಗಿ ತಮ್ಮಲ್ಲಿರುವ ಸಿದ್ಧ ಬಣ್ಣದ ಕಾಳುಗಳನ್ನೇ ಬಳಸುತ್ತವೆ.

ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾಗಿ, 3.3 ಕೋಟಿಯ ಸಿಡಿಯನ್ನು ಹಿಂದಿಕ್ಕಿದವು. ಒಂದೇ ಆಲ್ಬಮ್ಮನ್ನು ಹಲವು ಬಣ್ಣಗಳಲ್ಲಿ, ಒಂದೊಂದನ್ನೂ ಮಿತ ಸಂಖ್ಯೆಯಲ್ಲಿ ಬಿಟ್ಟು ಅಭಿಮಾನಿಯ ಕೈಯಿಂದ ಮತ್ತೆ ಮತ್ತೆ ಕೊಳ್ಳಿಸುವ ಪರಿಪಾಠ ಈ ಅವಧಿಯಲ್ಲಿ ಬಲಿಯಿತು. ಬಣ್ಣ ಬದಲಿಸುವಾಗ ಯಂತ್ರದೊಳಗೆ ಉಳಿದ ಹಳೆಯ ವಿನೈಲನ್ನು ಹೊಸದರಿಂದ ತಳ್ಳಿ ಹೊರಹಾಕಬೇಕಾಗುತ್ತದೆ. ಆಗ ಎರಡೂ ಬಣ್ಣ ಕಲಸಿದ ಅಡ್ಡಾದಿಡ್ಡಿ ತಟ್ಟೆಗಳು ಬರುತ್ತವೆ. ಅರೆಯಲು ಬುಟ್ಟಿಗೆ ಬೀಳಬೇಕಾದ ಈ ತಟ್ಟೆಗಳಿಗೂ ಈಗ ಸಂಗ್ರಹಕಾರರಲ್ಲಿ ಗಿರಾಕಿಗಳಿದ್ದಾರೆ.